ಮದವೂ ಮದ್ಯವೂ

“ಕೋತಿಗೆ ಹೆಂಡ ಕುಡಿಸಿದ ಹಾಗೆ” ಎಂಬ ಮಾತು ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ಕೋತಿ ಮೊದಲೇ ಚಂಚಲ ಸ್ವಭಾವದ ಪ್ರಾಣಿ. ಅದರ ಹೊಟ್ಟೆಗೆ ಮಾದಕ ಪದಾರ್ಥವೂ ಸೇರಿದರೆ ಅದರ ಹಾವಳಿಗೆ ಮಿತಿಯಾದರೂ ಎಲ್ಲಿ ಎಂಬುದು ಈ ಮಾತಿನ ಅಭಿಪ್ರಾಯ. ಭಾಷೆಯೂ ಇದೇ ನಂಬಿಕೆಯನ್ನು ತನ್ನೊಳಗೆ ಅಡಗಿಸಿಕೊಂಡಿದೆ. ಮದವೆಂದರೆ ಸೊಕ್ಕು, ಮದವೆಂದರೆ ಅಮಲು, ಗಂಡಾನೆಯ ಕಪೋಲದಿಂದ ಸುರಿಯುವ ದ್ರವಕ್ಕೂ ಮದವೆಂದೇ ಹೆಸರು. ಮದ್ಯ, ಮದಗಜ, ಮದೋನ್ಮತ್ತ, ಉನ್ಮಾದ ಮುಂತಾದ ಶಬ್ದಗಳೆಲ್ಲವೂ ಒಂದೇ ಧಾತುವಿನಿಂದ ಹುಟ್ಟಿದವುಗಳಾಗಿವೆ. ಸೊಕ್ಕಿದ ಆನೆ, ಕುಡಿದ ಮನುಷ್ಯ, ಬುದ್ಧಿ ಕೆಟ್ಟವನು ಈ ಮೂವರ ಸ್ಥಿತಿಯೂ ಒಂದೇ ಎಂದು ಪೂರ್ವಿಕರು ಭಾವಿಸಿದ್ದರೆಂಬುದು ಇದರಿಂದ ತಿಳಿದುಬರುತ್ತದೆ.

ಆದರೆ ನಂಬಿಕೆ ಬೇರೆ, ಪರೀಕ್ಷೆ ಬೇರೆ. ಮದ್ಯವು ಪ್ರಾಣಿಯಲ್ಲಿ ಕೋಪವನ್ನು ಹುಟ್ಟಿಸುತ್ತದೆಯೇ? ಹುಟ್ಟಿಸುವುದಾದರೆ ಕುಡಿದ ಪ್ರಾಣಿಗಳೆಲ್ಲವೂ ಕಾದಾಟಕ್ಕೆ ನಿಲ್ಲಬೇಕಲ್ಲವೇ? ಈ ಪ್ರಶ್ನೆಗಳನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಮೀನು, ಇಲಿ, ಕೋತಿ, ಆನೆಗಳ ಮುಂದಿಟ್ಟರು. ಅವರಿಗೆ ದೊರೆತ ಉತ್ತರಗಳು ಗಾದೆಯಷ್ಟು ಸರಳವಾಗಿರಲಿಲ್ಲ. ಆದರೆ ಗಾದೆಗಿಂತ ಹೆಚ್ಚು ವಿಚಾರಯೋಗ್ಯವಾಗಿದ್ದವು.

ಮೊದಲು ಪ್ರಾಣಿಗಳ ಕಾದಾಟವೆಂದರೇನು ಎಂಬುದನ್ನು ಅರಿಯುವುದು ಅವಶ್ಯಕ. ಪ್ರಾಣಿಗಳು ನಿಷ್ಕಾರಣವಾಗಿ ಕಾದಾಡುವುದಿಲ್ಲ. ಆಹಾರ, ನೆಲೆ, ಸಂಗಾತಿ, ಮರಿಗಳ ರಕ್ಷಣೆ ಇವುಗಳಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಅಷ್ಟೇ ಅಲ್ಲದೆ ಅವುಗಳ ಕಾದಾಟಕ್ಕೆ ಒಂದು ಮಿತಿಯೂ ಉಂಟು. ಎರಡು ಗಂಡು ಕೇರೆ ಹಾವುಗಳು ಮೈಗೆ ಮೈ ಹೆಣೆದುಕೊಂಡು ಹೊರಳಾಡುತ್ತವೆ, ಒಂದನ್ನೊಂದು ನೆಲಕ್ಕೆ ಒತ್ತುವುದೇ ಅಲ್ಲಿನ ಪಂತ, ಹಲ್ಲನ್ನು ಬಳಸುವುದಿಲ್ಲ. ಯುರೋಪಿನ ಕೆಂಪು ಜಿಂಕೆಗಳ ಗಂಡುಗಳು ಮೊದಲು ಗರ್ಜಿಸಿ, ಅನಂತರ ಪಕ್ಕಪಕ್ಕದಲ್ಲಿ ನಡೆದು ಪರಸ್ಪರರ ಬಲವನ್ನು ಅಳೆದುಕೊಳ್ಳುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಬಲಹೀನವಾದುದು ಕೊಂಬು ತಾಗಿಸದೆಯೇ ಹಿಂದೆಗೆಯುತ್ತದೆ. ಹೀಗೆ ಪ್ರಾಣಿಯ ದೇಹದಲ್ಲಿ ಆಕ್ರಮಣಕ್ಕೆ ನೂಕುವ ಶಕ್ತಿಯೂ ಇದೆ, ಅದನ್ನು ತಡೆಯುವ ಶಕ್ತಿಯೂ ಇದೆ. ಮಾದಕ ವಸ್ತು ಈ ಎರಡರಲ್ಲಿ ಯಾವುದನ್ನು ಮುಟ್ಟುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಥಾಯ್ಲೆಂಡಿನ ಕೆರೆ ಗದ್ದೆಗಳಲ್ಲಿ ಕಾದಾಡುವ ಮೀನೆಂದು ಹೆಸರಾದ ಒಂದು ಸಣ್ಣ ಮೀನು ಉಂಟು. ಇದರ ಗಂಡಿಗೆ ತನ್ನ ಜಾತಿಯ ಇನ್ನೊಂದು ಗಂಡು ಕಂಡರೆ ಸಾಕು, ಕಿವಿರುಗಳನ್ನು ಅಗಲಿಸಿ, ರೆಕ್ಕೆಗಳನ್ನು ಹರಡಿ, ಬಣ್ಣವನ್ನು ಗಾಢವಾಗಿಸಿಕೊಂಡು ಯುದ್ಧಕ್ಕೆ ಸನ್ನದ್ಧವಾಗುತ್ತದೆ. ಎದುರಿಗೆ ಕನ್ನಡಿ ಹಿಡಿದರೆ ತನ್ನ ಪ್ರತಿಬಿಂಬದ ಮೇಲೆಯೇ ಏರಿಹೋಗುತ್ತದೆ. ಆದುದರಿಂದ ಯಾವ ಮೀನಿಗೂ ಗಾಯವಾಗದಂತೆ ಅದರ ಕೋಪವನ್ನು ಅಳೆಯುವುದು ಸಾಧ್ಯವಾಯಿತು. ಸುಮಾರು 1970ರ ಹೊತ್ತಿಗೆ ಸಂಶೋಧಕರು ಇಂತಹ ಮೀನುಗಳಿದ್ದ ನೀರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮದ್ಯಸಾರವನ್ನು ಬೆರೆಸಿ ನೋಡಿದರು. ಅಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಮೀನಿನ ಆರ್ಭಟ ಹೆಚ್ಚಿತು. ಪ್ರಮಾಣವನ್ನು ಏರಿಸಿದಾಗ ಆರ್ಭಟ ಇಳಿಯಿತು. ಒಂದೇ ವಸ್ತು, ಒಂದೇ ಮೀನು. ಪ್ರಮಾಣ ಬದಲಾದೊಡನೆ ಫಲ ತಿರುಗುಮುರುಗಾಯಿತು.

ಸುಂಡಿಲಿಗಳಲ್ಲಿಯೂ ಇದೇ ಕಂಡುಬಂದಿತು. ತನ್ನ ಗೂಡಿನಲ್ಲಿ ನೆಲೆಸಿರುವ ಗಂಡಿಲಿಯ ಬಳಿಗೆ ಅಪರಿಚಿತ ಗಂಡಿಲಿಯೊಂದನ್ನು ಬಿಟ್ಟರೆ ಮನೆಯ ಇಲಿ ಬಂದ ಇಲಿಯನ್ನು ಕಚ್ಚಿ ಓಡಿಸಲು ಯತ್ನಿಸುತ್ತದೆ. ಎಷ್ಟು ಸಲ ಕಚ್ಚಿತು, ಎಷ್ಟು ಹೊತ್ತು ಬೆನ್ನಟ್ಟಿತು ಎಂಬುದನ್ನು ಎಣಿಸುವುದು ಸುಲಭ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಕ್ಲಾಸ್ ಮಿಕ್‌ಜೆಕ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಈ ವಿಧಾನವನ್ನು ಹಲವು ದಶಕಗಳ ಕಾಲ ಅನುಸರಿಸಿದರು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 1 ಗ್ರಾಂ ಮದ್ಯಸಾರ ಕೊಟ್ಟಾಗ ಕೆಲವು ಇಲಿಗಳ ಕಚ್ಚಾಟ ಹೆಚ್ಚಿತು. ಪ್ರಮಾಣವನ್ನು ಇನ್ನೂ ಹೆಚ್ಚಿಸಿದಾಗ ಇಲಿ ಮಂಕಾಗಿ, ಕಾಲುಗಳ ಹಿಡಿತ ತಪ್ಪಿ, ಮೂಲೆ ಸೇರಿತು.

ಇಲ್ಲಿ “ಕೆಲವು” ಎಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು. ಒಂದೇ ತಳಿಯಲ್ಲಿ ಹುಟ್ಟಿ, ಒಂದೇ ಬಗೆಯ ಆಹಾರ ತಿಂದು, ಒಂದೇ ಅಳತೆಯ ಮದ್ಯಸಾರವನ್ನು ಪಡೆದ ಇಲಿಗಳಲ್ಲಿಯೂ ಕಲಹ ಹೆಚ್ಚಿದುದು ಒಂದು ಅಲ್ಪ ಭಾಗದಲ್ಲಿ ಮಾತ್ರ. ಉಳಿದವುಗಳಲ್ಲಿ ಕೆಲವು ಮೊದಲಿನಂತೆಯೇ ಇದ್ದವು. ಮತ್ತೆ ಕೆಲವು ಮೊದಲಿಗಿಂತ ಶಾಂತವಾದವು. ಎಲ್ಲ ಇಲಿಗಳ ಲೆಕ್ಕವನ್ನು ಕೂಡಿಸಿ ಸರಾಸರಿ ತೆಗೆದಿದ್ದರೆ ಮದ್ಯಸಾರದಿಂದ ಏನೂ ಆಗಲಿಲ್ಲವೆಂದೇ ತೋರುವ ಸಂಭವವಿತ್ತು. ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗಮನಿಸಿದುದರಿಂದಲೇ ಈ ಭೇದ ಬೆಳಕಿಗೆ ಬಂದಿತು. ಪ್ರಾಣಿಗಳಲ್ಲಿಯೂ ವ್ಯಕ್ತಿಭೇದವುಂಟೆಂಬುದನ್ನು ವಿಜ್ಞಾನ ಹೀಗೆ ಒಪ್ಪಬೇಕಾಯಿತು.

ಇನ್ನು ಗಾದೆಯ ಕೋತಿಯ ಕಡೆಗೆ ತಿರುಗೋಣವೆಂದರೆ ಅಲ್ಲಿಯೂ ಇಂತಹುದೇ ಆಶ್ಚರ್ಯ ಕಾದಿದೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅಳಿಲು ಕೋತಿ ಎಂಬ ಚಿಕ್ಕ ಜಾತಿಯ ಕೋತಿಗಳಿವೆ. ಅವು ಗುಂಪಾಗಿ ಬಾಳುತ್ತವೆ. ಗುಂಪಿನಲ್ಲಿ ಯಾವುದು ಒಡೆಯ, ಯಾವುದು ಅಡಿಯಾಳು ಎಂಬ ಅಂತಸ್ತು ಗೊತ್ತಾಗಿರುತ್ತದೆ. 1980ರ ದಶಕದಲ್ಲಿ ಮಿಕ್‌ಜೆಕ್ ಮತ್ತು ಜೇಮ್ಸ್ ವಿನ್‌ಸ್ಲೋ ಅವರು ಇಂತಹ ಗುಂಪುಗಳಲ್ಲಿನ ಕೋತಿಗಳಿಗೆ ಅಲ್ಪ ಪ್ರಮಾಣದ ಮದ್ಯಸಾರವನ್ನು ಕೊಟ್ಟು ನೋಡಿದರು. ಒಡೆಯನ ಸ್ಥಾನದಲ್ಲಿದ್ದ ಗಂಡು ಕೋತಿ ಮೊದಲಿಗಿಂತ ಹೆಚ್ಚಾಗಿ ಇತರರ ಮೇಲೆ ಎರಗಿತು. ಅಡಿಯಾಳಾಗಿದ್ದ ಕೋತಿಯಾದರೋ ಅದೇ ಅಳತೆಯ ಮದ್ಯವನ್ನು ಪಡೆದರೂ ಯಾರ ಮೇಲೆಯೂ ಎರಗಲಿಲ್ಲ. ಕುಡಿದ ಮಾತ್ರಕ್ಕೆ ಅದು ತನ್ನ ಸ್ಥಾನವನ್ನು ಮರೆಯಲಿಲ್ಲ.

ಇದಕ್ಕೂ ಮಿಗಿಲಾದ ಮತ್ತೊಂದು ಸಂಗತಿ ಕಂಡುಬಂದಿತು. ಒಡೆಯ ಕೋತಿಯಲ್ಲಿಯೂ ಮದ್ಯದ ಫಲ ಎಲ್ಲ ಋತುಗಳಲ್ಲಿ ಒಂದೇ ರೀತಿಯಾಗಿರಲಿಲ್ಲ. ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡಿನ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಏರುತ್ತದೆ. ಆ ಕಾಲದಲ್ಲಿ ಕೊಟ್ಟ ಮದ್ಯ ಕಲಹವನ್ನು ಹೆಚ್ಚಿಸಿತು. ಹಾರ್ಮೋನು ಇಳಿದಿದ್ದ ಕಾಲದಲ್ಲಿ ಕೊಟ್ಟ ಅದೇ ಮದ್ಯ ಹಾಗೆ ಮಾಡಲಿಲ್ಲ. ಆದುದರಿಂದ “ಕೋತಿಗೆ ಹೆಂಡ ಕುಡಿಸಿದರೆ ಏನಾಗುತ್ತದೆ?” ಎಂದು ಕೇಳುವವನಿಗೆ ವಿಜ್ಞಾನಿ ಮರುಪ್ರಶ್ನೆ ಹಾಕಬೇಕಾಗುತ್ತದೆ. ಯಾವ ಕೋತಿಗೆ? ಎಷ್ಟು ಹೆಂಡ? ಯಾವ ಕಾಲದಲ್ಲಿ? ಯಾರ ಎದುರಿನಲ್ಲಿ?

ಬಾಲ್ಯದ ಅನುಭವವೂ ಈ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸೇರಿದ ಡೀ ಹಿಗ್ಲಿ, ಸ್ಟೀಫನ್ ಸುವೋಮಿ ಮುಂತಾದವರು ರೀಸಸ್ ಕೋತಿಗಳನ್ನು ಎರಡು ಬಗೆಯಾಗಿ ಬೆಳೆಸಿದರು. ಒಂದು ಗುಂಪಿನ ಮರಿಗಳು ತಾಯಿಯ ಮಡಿಲಲ್ಲಿ ಬೆಳೆದವು. ಇನ್ನೊಂದು ಗುಂಪಿನವು ತಾಯಿಯಿಲ್ಲದೆ ಓರಗೆಯ ಮರಿಗಳ ಜೊತೆಯಲ್ಲಿ ಮಾತ್ರ ಬೆಳೆದವು. ದೊಡ್ಡವಾದ ಮೇಲೆ ಸಿಹಿ ಬೆರೆಸಿದ ಮದ್ಯಸಾರದ ದ್ರಾವಣವನ್ನು ಮುಂದಿಟ್ಟಾಗ ತಾಯಿಯಿಲ್ಲದೆ ಬೆಳೆದವು ಹೆಚ್ಚಾಗಿ ಕುಡಿದುವು. ಈ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ತಾಯಿಯ ಬಳಿ ಬೆಳೆದವುಗಳನ್ನು ಜೊತೆಗಾರರಿಂದ ಅಗಲಿಸಿ ಒಂಟಿಯಾಗಿರಿಸಿದಾಗ ಅವೂ ಅಷ್ಟೇ ಪ್ರಮಾಣದಲ್ಲಿ ಕುಡಿಯತೊಡಗಿದವೆಂಬುದು ಅದೇ ಪ್ರಯೋಗದಲ್ಲಿ ಕಂಡುಬಂದ ಮತ್ತೊಂದು ಅಂಶ. ಒಂಟಿತನದ ಅಳಲು ಕೋತಿಯನ್ನು ಮದ್ಯದ ಕಡೆಗೆ ನೂಕಿತು.

ಇದೇ ವಿಜ್ಞಾನಿಗಳು ಕೋತಿಗಳ ಮಿದುಳುಬಳ್ಳಿಯ ದ್ರವವನ್ನೂ ಪರೀಕ್ಷಿಸಿದರು. ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರಟೋನಿನ್ ಎಂಬುದು ಒಂದು. ಇದರ ಚಟುವಟಿಕೆ ಕಡಿಮೆಯಾಗಿದ್ದ ಕೋತಿಗಳು ಹಿಂದುಮುಂದು ನೋಡದೆ ದೊಡ್ಡ ಕೋತಿಗಳ ಮೇಲೆ ಬೀಳುತ್ತಿದ್ದವು. ಆರಂಭವಾದ ಜಗಳವನ್ನು ನಿಲ್ಲಿಸಲು ತಿಳಿಯದೆ ಗಾಯಗೊಳ್ಳುತ್ತಿದ್ದವು. ಮದ್ಯ ದೊರೆತಾಗ ಹೆಚ್ಚಾಗಿ ಕುಡಿಯುವವೂ ಇಂಥವೇ. ದಕ್ಷಿಣ ಕೆರೊಲಿನಾದ ಕರಾವಳಿಯ ದ್ವೀಪವೊಂದರಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದ ಎಳೆಯ ಗಂಡು ಕೋತಿಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದಾಗ, ಸೆರಟೋನಿನ್ ಚಟುವಟಿಕೆ ತೀರ ಕಡಿಮೆಯಿದ್ದವುಗಳೇ ಹೆಚ್ಚಾಗಿ ಅಕಾಲ ಮರಣಕ್ಕೆ ತುತ್ತಾಗಿದ್ದವು. ಈ ಕೋತಿಗಳಲ್ಲಿದ್ದ ಕೊರತೆ ಕೋಪದ ಕೊರತೆಯಲ್ಲ, ಕೋಪವನ್ನು ಹಿಡಿದು ನಿಲ್ಲಿಸುವ ಶಕ್ತಿಯ ಕೊರತೆ.

ಹಾಗಾದರೆ ಮಿದುಳಿನಲ್ಲಿ ನಡೆಯುವುದೇನು? ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಎಂಬ ವಿಜ್ಞಾನಿ ಬೆಕ್ಕಿನ ಮಿದುಳಿನ ಒಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಭಾಗಕ್ಕೆ ಸೂಕ್ಷ್ಮವಾದ ತಂತಿಯ ಮೂಲಕ ಅಲ್ಪ ವಿದ್ಯುತ್ತನ್ನು ಹರಿಸಿದಾಗ ಶಾಂತವಾಗಿದ್ದ ಬೆಕ್ಕು ಕೂದಲು ನಿಮಿರಿಸಿ ಬುಸುಗುಟ್ಟಿ ಮೇಲೆರಗಿತು. ಮಿದುಳಿನ ಈ ಭಾಗದ ಕಾರ್ಯವನ್ನು ಕುರಿತ ಸಂಶೋಧನೆಗಾಗಿ ಅವರಿಗೆ 1949ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 2011ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಸುಂಡಿಲಿಯ ಅದೇ ಭಾಗದ ಕೆಲವು ನರಕೋಶಗಳನ್ನು ಬೆಳಕಿನಿಂದ ಕೆರಳಿಸಿದಾಗ ಅದು ಗಾಳಿ ತುಂಬಿದ ರಬ್ಬರಿನ ಕೈಚೀಲದ ಮೇಲೂ ಆಕ್ರಮಣ ಮಾಡಿತು. ಆಕ್ರಮಣದ ಚಾಲನೆ ಇಲ್ಲಿಂದ ಹೊರಡುತ್ತದೆ. ಇದಕ್ಕೆ ಕಡಿವಾಣ ಹಾಕುವ ಕಾರ್ಯದಲ್ಲಿ ಮಿದುಳಿನ ಮುಂಭಾಗದ ಹೊರಪದರಕ್ಕೆ ಮಹತ್ವದ ಪಾತ್ರವಿದೆ. ಸಂದರ್ಭವನ್ನು ತೂಗಿ ನೋಡುವುದು, ಪರಿಣಾಮವನ್ನು ಎಣಿಸುವುದು ಆ ಭಾಗದ ಕೆಲಸ.

ಮದ್ಯಸಾರವು ಮಿದುಳಿನ ಯಾವುದೋ ಒಂದೇ ಬಾಗಿಲನ್ನು ತಟ್ಟುವುದಿಲ್ಲ. ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ. ಚಟುವಟಿಕೆಯನ್ನು ಏರಿಸುವ ಗ್ಲುಟಮೇಟಿನ ಪ್ರಭಾವವನ್ನು ಕುಗ್ಗಿಸುತ್ತದೆ. ಸೆರಟೋನಿನ್ ವ್ಯವಸ್ಥೆಯನ್ನೂ ಕದಡುತ್ತದೆ. ಅಲ್ಪ ಪ್ರಮಾಣದಲ್ಲಿ ಮೊದಲು ಸಡಿಲವಾಗುವುದು ಕಡಿವಾಣ. ಪ್ರಮಾಣ ಏರಿದಂತೆ ಉಳಿದ ಭಾಗಗಳೂ ಜಡವಾಗಿ ನಿದ್ರೆ, ಕೊನೆಗೆ ಪ್ರಜ್ಞಾಹೀನತೆ ಬರುತ್ತದೆ. ರಥದ ಉಪಮಾನವನ್ನು ಬಳಸಿ ಹೇಳುವುದಾದರೆ, ಮದ್ಯವು ಕುದುರೆಗೆ ಬಲವನ್ನು ತುಂಬುವುದಿಲ್ಲ, ಸಾರಥಿಯ ಕೈಯನ್ನು ಸಡಿಲಿಸುತ್ತದೆ. ಕುದುರೆ ಮೊದಲೇ ಸೌಮ್ಯವಾಗಿದ್ದರೆ ರಥ ಹಾದಿಯಲ್ಲಿಯೇ ಇರುತ್ತದೆ. ಒರಟು ಕುದುರೆಯಾದರೆ ಹಳ್ಳಕ್ಕೆ ಬೀಳುತ್ತದೆ. ಇನ್ನೂ ಹೆಚ್ಚು ಕುಡಿಸಿದರೆ ಸಾರಥಿ, ಕುದುರೆ ಇಬ್ಬರೂ ಮಲಗುತ್ತಾರೆ. ಮೀನು ಇಲಿಗಳಲ್ಲಿ ಕಂಡ ಏರಿಳಿತಕ್ಕೆ ಇದೇ ಸ್ಥೂಲವಾದ ವಿವರಣೆ.

ಮದ್ಯದಂತೆಯೇ ಇತರ ದ್ರವ್ಯಗಳೂ ಕೋಪದ ಮೇಲೆ ಬಗೆಬಗೆಯ ಪ್ರಭಾವ ಬೀರುತ್ತವೆ. ಇವುಗಳಲ್ಲಿ ಭಾರತಕ್ಕೆ ಸೇರಿದ ಒಂದು ಮೂಲಿಕೆಯ ಕಥೆ ಸ್ವಾರಸ್ಯಕರವಾದುದು. ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ನಾಟಿ ವೈದ್ಯರು ಚಿತ್ತಭ್ರಮೆಗೆ ಔಷಧವಾಗಿ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಇದರ ಗುಣವನ್ನು ಕುರಿತು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಈ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದನ್ನು ಪಡೆದ ರೊಚ್ಚಿನ ರೀಸಸ್ ಕೋತಿ ನಿದ್ರೆಹೋಗದೆಯೇ ಶಾಂತವಾಗಿ ಕುಳಿತಿತು. ಈ ಸಾರವು ನರಕೋಶಗಳಲ್ಲಿ ಸಂಗ್ರಹವಾಗಿರುವ ಸೆರಟೋನಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಮೂರನ್ನೂ ಬರಿದುಮಾಡುತ್ತದೆ. ಇದಕ್ಕೆ ಬದಲಾಗಿ ಸೆರಟೋನಿನ್ ಒಂದನ್ನೇ ಬರಿದುಮಾಡುವ ರಾಸಾಯನಿಕವನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಕೊಲ್ಲುವ ಪ್ರವೃತ್ತಿ ಹೆಚ್ಚಿತು. ಮಿದುಳಿನ ರಾಸಾಯನಿಕಗಳು ವಾದ್ಯಮೇಳದಂತೆ ಒಟ್ಟಾಗಿ ಕೆಲಸ ಮಾಡುತ್ತವೆ; ಒಂದೊಂದು ವಾದ್ಯಕ್ಕೆ ಒಂದೊಂದು ಭಾವವೆಂದು ಹಂಚಿಕೊಡುವುದು ಸಾಧ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಾಂಜಾ ಸಾಮಾನ್ಯವಾಗಿ ಪ್ರಯೋಗದ ಪ್ರಾಣಿಗಳ ಕಾದಾಟವನ್ನು ತಗ್ಗಿಸುತ್ತದೆ. ಆದರೆ 1960ರ ದಶಕದ ಕೊನೆಯಲ್ಲಿ ಬ್ರೆಜಿಲಿನ ಎಲಿಸಾಲ್ಡೊ ಕಾರ್ಲಿನಿ ಅವರ ಪ್ರಯೋಗಶಾಲೆಯಲ್ಲಿ ವಿಚಿತ್ರವೊಂದು ಕಂಡಿತು. ಹೊಟ್ಟೆತುಂಬ ತಿಂದಿದ್ದ ಇಲಿಗಳನ್ನು ಕೆರಳಿಸದ ಗಾಂಜಾಸಾರವು ಹಸಿದ ಇಲಿಗಳನ್ನು ಘೋರ ಕಲಹಕ್ಕೆ ನೂಕಿತು. ಅಫೀಮಿನ ಸತ್ವವಾದ ಮಾರ್ಫಿನ್ ಪಡೆಯುತ್ತಿರುವ ಇಲಿ ಸೌಮ್ಯವಾಗಿರುತ್ತದೆ. ಅಭ್ಯಾಸವಾದ ಮೇಲೆ ಅದನ್ನು ಹಠಾತ್ತಾಗಿ ನಿಲ್ಲಿಸಿದರೆ ಅದೇ ಇಲಿ ಜೊತೆಯವುಗಳ ಮೇಲೆ ಬಿದ್ದು ಕಚ್ಚಾಡುತ್ತದೆ. ಇಲ್ಲಿ ಕೇಡು ದ್ರವ್ಯದ ಇರವಿನಿಂದಲ್ಲ, ಅದರ ಅಭಾವದಿಂದ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಆಕ್ಟೋಪಸ್ ಒಂಟಿಯಾಗಿ ಬಾಳುವ ಕಡಲ ಪ್ರಾಣಿ; ತನ್ನ ಜಾತಿಯ ಇನ್ನೊಂದರ ನೆರೆಯನ್ನು ಅದು ಸಹಿಸುವುದು ಅಪರೂಪ. 2018ರಲ್ಲಿ ಗುಲ್ ಡೋಲೆನ್ ಮತ್ತು ಎರಿಕ್ ಎಡ್ಸಿಂಗರ್ ಎಂಬ ವಿಜ್ಞಾನಿಗಳು ಎಂಡಿಎಂಎ ಎಂಬ ಮಾದಕ ವಸ್ತುವನ್ನು ಬೆರೆಸಿದ ನೀರಿನಲ್ಲಿ ಆಕ್ಟೋಪಸ್‌ಗಳನ್ನು ಇರಿಸಿದಾಗ ಅವು ಪರಸ್ಪರ ಸಮೀಪಕ್ಕೆ ಬಂದು ತೋಳು ಚಾಚಿ ಮುಟ್ಟಿದವು.

ಹೀಗೆ ಪ್ರಮಾಣ, ಸ್ವಭಾವ, ಅಂತಸ್ತು, ಋತು, ಬಾಲ್ಯ, ಹಸಿವು ಇವೆಲ್ಲವೂ ಸೇರಿ ಮಾದಕ ವಸ್ತುವಿನ ಫಲವನ್ನು ನಿರ್ಣಯಿಸುತ್ತವೆ. ಈ ವಿವೇಕವನ್ನು ಮರೆತರೆ ಎಂತಹ ಅನಾಹುತವಾಗುತ್ತದೆಂಬುದಕ್ಕೆ ಒಂದು ಆನೆಯ ಸಾವು ಸಾಕ್ಷಿಯಾಗಿದೆ.

ಗಂಡಾನೆಗೆ ಮದವೇರುವುದು ಕಾಡಿನವರಿಗೂ ಮಾವುತರಿಗೂ ತಿಳಿದ ವಿಷಯ. ಆ ಕಾಲದಲ್ಲಿ ಆನೆಯ ಕಣ್ಣು ಕಿವಿಗಳ ನಡುವೆ ಇರುವ ಗ್ರಂಥಿಗಳಿಂದ ದ್ರವ ಸ್ರವಿಸುತ್ತದೆ. ಸಾಕಿದ ಮಾವುತನನ್ನೂ ಅದು ಲೆಕ್ಕಿಸುವುದಿಲ್ಲ. ಮದವೇರಿದ ಆನೆಯ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಅನೇಕ ಪಟ್ಟು ಹೆಚ್ಚುತ್ತದೆಂಬುದು ಈಗ ತಿಳಿದಿದೆ. 1962ರಲ್ಲಿ ಇದು ಖಚಿತವಾಗಿ ತಿಳಿದಿರಲಿಲ್ಲ. ಅಮೆರಿಕದ ಓಕ್ಲಹೋಮ ನಗರದಲ್ಲಿ ಮನೋವೈದ್ಯರಾಗಿದ್ದ ಲೂಯಿ ವೆಸ್ಟ್ ಮತ್ತು ಚೆಸ್ಟರ್ ಪಿಯರ್ಸ್ ಅವರು ಮದವೆಂಬುದು ಒಂದು ಬಗೆಯ ಉನ್ಮಾದವಿರಬಹುದು, ಮನುಷ್ಯನಲ್ಲಿ ತಾತ್ಕಾಲಿಕ ಚಿತ್ತಭ್ರಮೆಯನ್ನುಂಟುಮಾಡುವ ಎಲ್‌ಎಸ್‌ಡಿ ಎಂಬ ದ್ರವ್ಯದಿಂದ ಅದನ್ನು ಬರಿಸಬಹುದು ಎಂದು ಊಹಿಸಿದರು. ಮದ, ಅಮಲು, ಹುಚ್ಚು ಮೂರನ್ನೂ ಒಂದೆಂದು ಎಣಿಸಿದ ಹಳೆಯ ಭಾಷೆಯ ಊಹೆಯೇ ಇವರದೂ ಆಗಿತ್ತು.

ಆ ನಗರದ ಮೃಗಾಲಯದಲ್ಲಿ ಟಸ್ಕೊ ಎಂಬ ಹದಿನಾಲ್ಕು ವರ್ಷದ ಏಷ್ಯಾದ ಗಂಡಾನೆಯಿತ್ತು. ಅದರ ತೂಕ ಸುಮಾರು 3,000 ಕಿಲೋಗ್ರಾಂ. ಬೆಕ್ಕಿಗೆ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಂ ಕೊಡಬಹುದೆಂಬ ಲೆಕ್ಕವನ್ನು ಹಿಡಿದು ಆನೆಗೆ 297 ಮಿಲಿಗ್ರಾಂ ನಿಗದಿಮಾಡಿದರು. 1962ರ ಆಗಸ್ಟ್ 3ರಂದು ಚುಚ್ಚುಮದ್ದಿನ ಬಾಣದಿಂದ ಅದನ್ನು ಆನೆಯ ದೇಹಕ್ಕೆ ಸೇರಿಸಲಾಯಿತು. ಐದು ನಿಮಿಷಗಳಲ್ಲಿ ಟಸ್ಕೊ ಘೀಳಿಟ್ಟು, ತೂರಾಡಿ, ಕುಸಿದು ಬಿದ್ದಿತು. ಅದು ತೂರಾಡುತ್ತಿದ್ದಾಗ ಜೊತೆಯಲ್ಲಿದ್ದ ಜೂಡಿ ಎಂಬ ಹೆಣ್ಣಾನೆ ತನ್ನ ಮೈಯೊಡ್ಡಿ ಆಸರೆ ನೀಡಲು ಯತ್ನಿಸಿತು. ಶಮನಕ್ಕೆಂದು ಬೇರೆ ಔಷಧಗಳನ್ನು ಕೊಟ್ಟರೂ ಪ್ರಯೋಜನವಾಗಲಿಲ್ಲ. ಒಂದು ಗಂಟೆ ನಲವತ್ತು ನಿಮಿಷಗಳ ಬಳಿಕ ಆನೆ ಪ್ರಾಣ ಬಿಟ್ಟಿತು. ಮದವೂ ಏರಲಿಲ್ಲ, ಕೋಪವೂ ಬರಲಿಲ್ಲ.

ಸಾವಿಗೆ ಎಲ್‌ಎಸ್‌ಡಿ ಒಂದೇ ಕಾರಣವೋ, ಅನಂತರ ಕೊಟ್ಟ ಔಷಧಗಳೂ ಕಾರಣವೋ ಎಂಬ ಚರ್ಚೆ ಬಹುಕಾಲ ನಡೆಯಿತು. ಆದರೆ ಲೆಕ್ಕದಲ್ಲಿ ದೋಷವಿದ್ದುದು ನಿಶ್ಚಯ. ಮನುಷ್ಯನ ಚಿತ್ತವನ್ನು ಕದಡಲು ಈ ದ್ರವ್ಯದ 0.1 ಮಿಲಿಗ್ರಾಂ ಸಾಕು. 60 ಕಿಲೋಗ್ರಾಂ ತೂಕದ ಮನುಷ್ಯನಿಗಿಂತ ಆನೆ ಐವತ್ತು ಪಟ್ಟು ಭಾರವೆಂದು ಎಣಿಸಿದರೂ ಬರುವುದು 5 ಮಿಲಿಗ್ರಾಂ ಮಾತ್ರ. ಅದೂ ಅಲ್ಲದೆ, ಪ್ರಾಣಿ ದೊಡ್ಡದಾದಂತೆ ಅದರ ದೇಹದ ಪ್ರತಿ ಕಿಲೋಗ್ರಾಮಿನ ಜೀವಕ್ರಿಯೆ ನಿಧಾನವಾಗುತ್ತದೆ. ಔಷಧವನ್ನು ದೇಹ ಕರಗಿಸಿ ಹೊರಹಾಕುವುದೂ ನಿಧಾನವಾಗುತ್ತದೆ. ಆನೆಯೆಂದರೆ ಸಾವಿರ ಬೆಕ್ಕುಗಳ ಮೊತ್ತವಲ್ಲ. 1984ರಲ್ಲಿ ರೊನಾಲ್ಡ್ ಸೀಗೆಲ್ ಎಂಬವರು ಎರಡು ಆನೆಗಳಿಗೆ ಇದೇ ದ್ರವ್ಯವನ್ನು ನೀರಿನಲ್ಲಿ ಬೆರೆಸಿ ಕುಡಿಸಿದರು, ಅವು ಬದುಕುಳಿದವು.

ಮದ್ಯ ಮತ್ತು ಆನೆಯ ಸಂಬಂಧದಲ್ಲಿಯೂ ಇಂತಹ ಲೆಕ್ಕದ ತೊಡಕು ಇತ್ತು. ಆಫ್ರಿಕದ ಆನೆಗಳು ಮರೂಲ ಮರದ ಕೊಳೆತ ಹಣ್ಣುಗಳನ್ನು ತಿಂದು ಅಮಲೇರಿ ಪುಂಡಾಟ ನಡೆಸುತ್ತವೆಂಬ ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. 2006ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಸ್ಟೀವ್ ಮಾರಿಸ್ ಮತ್ತು ಸಂಗಡಿಗರು ಮನುಷ್ಯನ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು ಲೆಕ್ಕಹಾಕಿ, ಆನೆಗೆ ಅಮಲೇರಬೇಕಾದರೆ ನೂರಕ್ಕೆ ಏಳರಷ್ಟು ಮದ್ಯಸಾರವಿರುವ ಪಾನೀಯವನ್ನು ಅಲ್ಪಕಾಲದಲ್ಲಿ 10ರಿಂದ 27 ಲೀಟರುಗಳಷ್ಟು ಕುಡಿಯಬೇಕೆಂದೂ ಹಣ್ಣಿನಿಂದ ಇದು ಅಸಂಭವವೆಂದೂ ತೀರ್ಮಾನಿಸಿದರು. ಆದರೆ 2020ರಲ್ಲಿ ಮರೀಕೆ ಜಾನಿಯಾಕ್ ಮತ್ತು ಸಂಗಡಿಗರು ಮದ್ಯಸಾರವನ್ನು ಕರಗಿಸುವ ಕಿಣ್ವವೊಂದರ ಜೀನ್ ಆನೆಗಳಲ್ಲಿ ನಿಷ್ಕ್ರಿಯವಾಗಿರುವುದನ್ನು ತೋರಿಸಿಕೊಟ್ಟರು. ಮನುಷ್ಯನಲ್ಲಿಯಾದರೋ ಆ ಕಿಣ್ವ ಬಹು ಸಮರ್ಥವಾಗಿದೆ. ಆದುದರಿಂದ ಮನುಷ್ಯನ ಅಳತೆಯನ್ನು ಆನೆಗೆ ಅನ್ವಯಿಸುವಂತಿಲ್ಲ. ಎಣಿಸಿದುದಕ್ಕಿಂತ ಕಡಿಮೆ ಮದ್ಯಕ್ಕೇ ಆನೆಗೆ ಅಮಲೇರುವ ಸಾಧ್ಯತೆಯಿದೆ. ಈಶಾನ್ಯ ಭಾರತದ ಹಳ್ಳಿಗಳಲ್ಲಿ ಅಕ್ಕಿಯ ಹೆಂಡಕ್ಕಾಗಿ ಆನೆಗಳು ಗುಡಿಸಲುಗಳನ್ನು ಕೆಡವಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿರುವುದುಂಟು. ಆದರೆ ಹಸಿದ ಆನೆ ಧಾನ್ಯದ ವಾಸನೆ ಹಿಡಿದು ಗೋಡೆ ಕೆಡವುವುದಕ್ಕೆ ಅಮಲು ಬೇಕಾಗಿಲ್ಲ ಎಂಬುದನ್ನೂ ಮರೆಯಬಾರದು.

ಟಸ್ಕೊವಿನ ಸಾವು ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಜ್ಞಾನಕ್ಕಾಗಿ ಮೂಕಪ್ರಾಣಿಗಳನ್ನು ನೋಯಿಸುವ ಅಧಿಕಾರ ಮನುಷ್ಯನಿಗೆ ಎಷ್ಟರಮಟ್ಟಿಗೆ ಇದೆ? ತಾಯಿಯಿಂದ ಅಗಲಿಸಿದ ಕೋತಿಮರಿಗಳಿಂದ ತಿಳಿದುಬಂದ ಸತ್ಯ ಬೆಲೆಯುಳ್ಳದ್ದೇ. ಆದರೆ ಆ ಬೆಲೆಯನ್ನು ತೆತ್ತವು ಆ ಮರಿಗಳು. ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಅನಾವಶ್ಯಕ ನೋವಾಗದಂತೆ ನೋಡಿಕೊಳ್ಳಲು ಸಮಿತಿಯೊಂದನ್ನು ರಚಿಸಲು ಅವಕಾಶ ಮಾಡಿಕೊಟ್ಟಿತು. ಪ್ರಯೋಗ ಅವಶ್ಯವೇ, ಬೇರೆ ಮಾರ್ಗವಿಲ್ಲವೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯ ವಿಜ್ಞಾನಿಯ ಲಕ್ಷಣವಾಗಿದೆ.

ಈ ಪ್ರಯೋಗಗಳಿಂದ ಮನುಷ್ಯನು ಕಲಿಯಬೇಕಾದ ಪಾಠವೂ ಒಂದುಂಟು. ಕುಡಿದು ಮನೆಗೆ ಬಂದು ಹೆಂಡತಿ ಮಕ್ಕಳನ್ನು ಹೊಡೆದವನು ಮರುದಿನ “ನಾನು ಹೊಡೆಯಲಿಲ್ಲ, ಹೆಂಡ ಹೊಡೆಯಿತು” ಎಂದು ಹೇಳುವುದುಂಟು. ಕೇಳಿದವರೂ ಅದನ್ನು ಒಪ್ಪಿ ಸುಮ್ಮನಾಗುವುದುಂಟು. ಆದರೆ ಹೆಂಡವು ಎಲ್ಲ ಇಲಿಗಳನ್ನೂ ಕಚ್ಚುವಂತೆ ಮಾಡಲಿಲ್ಲ. ಅಡಿಯಾಳಾದ ಕೋತಿ ಕುಡಿದಾಗಲೂ ತನ್ನ ಒಡೆಯನ ಮೇಲೆ ಕೈಮಾಡಲಿಲ್ಲ. ಎರಗಿದುದು ಒಡೆಯ ಕೋತಿ ಮಾತ್ರ. ಕುಡಿದ ಮನುಷ್ಯನೂ ತನಗಿಂತ ಬಲಶಾಲಿಯಾದವನನ್ನು ಬಿಟ್ಟು ಮನೆಯ ಅಬಲರ ಮೇಲೆ ಕೈಯೆತ್ತುವುದಾದರೆ ಆ ಆಯ್ಕೆಯನ್ನು ಹೆಂಡ ಮಾಡಿತೆಂದು ಹೇಳಲಾಗುವುದೇ? ಸ್ವಂತ ಇಚ್ಛೆಯಿಂದ ಕುಡಿದವನ ಅಮಲನ್ನು ಭಾರತದ ದಂಡ ಕಾನೂನೂ ಅಪರಾಧಕ್ಕೆ ಕ್ಷಮೆಯೆಂದು ಸಾಮಾನ್ಯವಾಗಿ ಎಣಿಸುವುದಿಲ್ಲ.

ಪ್ರಯೋಗಶಾಲೆಯ ಇಲಿ ತಾನಾಗಿ ಮದ್ಯವನ್ನು ಬೇಡಲಿಲ್ಲ, ಅದಕ್ಕೆ ಕುಡಿಸಲಾಯಿತು. ಟಸ್ಕೊ ಬಾಣವನ್ನು ಬಯಸಲಿಲ್ಲ, ಅದಕ್ಕೆ ಚುಚ್ಚಲಾಯಿತು. ಬಟ್ಟಲನ್ನು ತುಟಿಗೆ ಒಯ್ಯುವ ಮೊದಲು ಒಂದು ಗಳಿಗೆ ನಿಂತು ಯೋಚಿಸುವ ಸ್ವಾತಂತ್ರ್ಯ ಮನುಷ್ಯನಿಗೆ ಉಂಟು. ಆ ಗಳಿಗೆಯಲ್ಲಿ ಸಾರಥಿಯ ಕೈ ಇನ್ನೂ ಬಿಗಿಯಾಗಿಯೇ ಇರುತ್ತದೆ.

ಅಭ್ಯಾಸ

1. “ಕೋತಿಗೆ ಹೆಂಡ ಕುಡಿಸಿದ ಹಾಗೆ” ಎಂಬ ಮಾತಿನ ಅಭಿಪ್ರಾಯವೇನು? ಪ್ರಯೋಗಗಳು ಅದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ?
2. ಮದ್ಯಸಾರದ ಪ್ರಮಾಣ ಬದಲಾದಂತೆ ಕಾದಾಡುವ ಮೀನಿನ ವರ್ತನೆ ಹೇಗೆ ಬದಲಾಯಿತು?
3. ಎಲ್ಲ ಇಲಿಗಳ ಸರಾಸರಿಯನ್ನು ಮಾತ್ರ ನೋಡಿದ್ದರೆ ಯಾವ ಸತ್ಯ ಮರೆಯಾಗುತ್ತಿತ್ತು?
4. ಟಸ್ಕೊ ಆನೆಗೆ ನಿಗದಿಮಾಡಿದ ಪ್ರಮಾಣದಲ್ಲಿ ಆದ ತಪ್ಪನ್ನು ವಿವರಿಸಿರಿ.
5. “ಮದ್ಯವು ಕುದುರೆಗೆ ಬಲವನ್ನು ತುಂಬುವುದಿಲ್ಲ, ಸಾರಥಿಯ ಕೈಯನ್ನು ಸಡಿಲಿಸುತ್ತದೆ.” ಈ ವಾಕ್ಯದ ಸ್ವಾರಸ್ಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.